ಅಕ್ಷರಜ್ಞಾನವೂ ಪ್ರಜಾಧಿಕಾರವೂ

೧

ಪ್ರಜೆಗಳು ತಮ್ಮನ್ನು ತಾವೇ ಆಳಿಕೊಳ್ಳತಕ್ಕ ರಾಜ್ಯಪದ್ಧತಿಯಲ್ಲಿ ಅವರಿಗೆ ಓದುಬರಹ ತಿಳಿದಿರಬೇಕೆ, ತಿಳಿಯದಿದ್ದರೆ ರಾಜ್ಯಕ್ಕೆ ಒದಗುವ ಹಾನಿಯೇನು ಎಂಬ ಪ್ರಶ್ನೆ ಹೊಸದಲ್ಲ. ಆಂಗ್ಲ ತತ್ತ್ವಜ್ಞನಾದ ಜಾನ್ ಸ್ಟುವರ್ಟ್ ಮಿಲ್ ಮಹಾಶಯನು ೧೮೬೧ರಲ್ಲಿ ಪ್ರಕಟಿಸಿದ ಪ್ರಾತಿನಿಧಿಕ ಸರ್ಕಾರವನ್ನು ಕುರಿತ ಗ್ರಂಥದಲ್ಲಿ, ಓದು, ಬರಹ, ಸಾಮಾನ್ಯ ಲೆಕ್ಕ ಇವಿಷ್ಟೂ ಬಾರದವನಿಗೆ ಮತವಿರಕೂಡದೆಂದೂ, ಸಾರ್ವತ್ರಿಕ ವಿದ್ಯಾಭ್ಯಾಸವು ಸಾರ್ವತ್ರಿಕ ಮತಾಧಿಕಾರಕ್ಕಿಂತ ಮುಂಚೆ ಬರಬೇಕೆಂದೂ ವಾದಿಸಿದನು. ಆದರೆ ಅಷ್ಟು ವಿದ್ಯೆಯನ್ನು ಕಡುಬಡವನಿಗೂ ಎಟಕುವಂತೆ ಮಾಡುವುದು ಸಮಾಜದ ಹೊಣೆಯೆಂಬುದನ್ನೂ ಅವನು ಅಲ್ಲಿಯೇ ಹೇಳಿದ್ದನು. ಮುಂದೆ ಈ ವಾದವನ್ನು ಎತ್ತಿಕೊಂಡವರಲ್ಲಿ ಬಹುಮಂದಿ ಇದರ ಪೂರ್ವಾರ್ಧವನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು ಉತ್ತರಾರ್ಧವನ್ನು ಮರೆತರು.

ಇಂಗ್ಲೆಂಡಿನ ಚರಿತ್ರೆಯಾದರೋ ಮಿಲ್ಲನ ಕ್ರಮವನ್ನು ಅನುಸರಿಸಲಿಲ್ಲ. ೧೮೬೭ರ ಸುಧಾರಣಾ ಶಾಸನದಿಂದ ಪಟ್ಟಣಗಳ ಕಾರ್ಮಿಕರಲ್ಲಿ ಅನೇಕರಿಗೆ ಮತ ದೊರೆಯಿತು. ಆ ಶಾಸನವನ್ನು ಉಗ್ರವಾಗಿ ವಿರೋಧಿಸಿದ್ದ ರಾಬರ್ಟ್ ಲೋ ಎಂಬ ಪಾರ್ಲಿಮೆಂಟು ಸದಸ್ಯನೇ, ಇನ್ನು ನಮ್ಮ ಒಡೆಯರಾಗಲಿರುವವರಿಗೆ ಅಕ್ಷರ ಕಲಿಸದೆ ಗತಿಯಿಲ್ಲವೆಂಬ ಅಭಿಪ್ರಾಯಕ್ಕೆ ಬಂದನು. ಪ್ರಾಥಮಿಕ ಶಿಕ್ಷಣದ ಶಾಸನವಾದುದು ೧೮೭೦ರಲ್ಲಿ. ಅಂದರೆ ಅಲ್ಲಿ ಮತವು ಮೊದಲು ಬಂದು ಶಾಲೆಯನ್ನು ಹಿಂದೆ ಎಳೆದುಕೊಂಡು ಬಂದಿತು.

ಈ ಚರ್ಚೆಯಲ್ಲಿ ಎರಡು ಪ್ರಶ್ನೆಗಳು ಒಂದರೊಡನೊಂದು ಹೆಣೆದುಕೊಂಡಿರುವುದನ್ನು ಗಮನಿಸಬೇಕು. ನಿರಕ್ಷರಿಗೆ ಮತಾಧಿಕಾರ ಸಲ್ಲುವುದೆ ಎಂಬುದೊಂದು. ನಿರಕ್ಷರತೆಯಿಂದ ಪ್ರಜಾಪ್ರಭುತ್ವ ದುರ್ಬಲವಾಗುವುದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಲ್ಲುವುದೆಂದು ಉತ್ತರ ಹೇಳುವವರು ಎರಡನೆಯದನ್ನು ಅಲ್ಲಗಳೆಯಬೇಕಾಗಿಲ್ಲ. ಎರಡನೆಯದನ್ನು ಒಪ್ಪಿದವರು ಮೊದಲನೆಯದಕ್ಕೆ ಸಲ್ಲದೆನ್ನಬೇಕಾಗಿಯೂ ಇಲ್ಲ. ಕನ್ನಡನಾಡಿನ ಹಾಗೂ ಭಾರತದ ಕಳೆದ ಇನ್ನೂರು ವರ್ಷಗಳ ಅನುಭವವನ್ನು ಮುಂದಿಟ್ಟುಕೊಂಡು ಇವೆರಡನ್ನೂ ಬಿಡಿಸಿ ನೋಡುವುದೂ, ಹಾನಿಯು ನಿಜವಾಗಿ ತಟ್ಟುವ ಸ್ಥಳ ಯಾವುದೆಂದು ನಿರ್ಣಯಿಸುವುದೂ ಈ ಲೇಖನದ ಉದ್ದೇಶ.

೨

ಕನ್ನಡ ಜನರ ಅಕ್ಷರಸ್ಥಿತಿಯನ್ನು ಅಂಕೆಗಳಲ್ಲಿ ತಿಳಿಸುವ ಹಳೆಯ ದಾಖಲೆಗಳಲ್ಲಿ ಬಳ್ಳಾರಿಯ ವರದಿಯು ಮುಖ್ಯವಾದುದು. ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ೧೮೨೨ರಲ್ಲಿ ತನ್ನ ಆಧಿಪತ್ಯದ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಂದ ದೇಶೀಯ ಶಾಲೆಗಳ ವಿವರವನ್ನು ತರಿಸಿಕೊಂಡನು. ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲನು ೧೮೨೩ರ ಆಗಸ್ಟಿನಲ್ಲಿ ಕಳುಹಿಸಿದ ಉತ್ತರದ ಪ್ರಕಾರ ಆ ಜಿಲ್ಲೆಯ ಜನಸಂಖ್ಯೆ ೯,೨೭,೮೫೭, ಶಾಲೆಗಳು ೫೩೩, ವಿದ್ಯಾರ್ಥಿಗಳು ೬,೬೪೧. ಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಮರಾಠಿ ಮತ್ತು ಸಂಸ್ಕೃತಕ್ಕೆ ಇಪ್ಪತ್ತಮೂರಿಪ್ಪತ್ತಮೂರು, ಪಾರಸಿಗೆ ೨೧, ತಮಿಳಿಗೆ ೪, ಇಂಗ್ಲಿಷಿಗೆ ೧. ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ ೬೦. ಒಟ್ಟು ಜನಸಂಖ್ಯೆಯಲ್ಲಿ ಸಾವಿರಕ್ಕೆ ಏಳು ಮಂದಿಯಷ್ಟೇ ಶಾಲೆಯಲ್ಲಿದ್ದಂತಾಯಿತು. ಈ ಲೆಕ್ಕವು ಕಲಿಯುತ್ತಿದ್ದ ಮಕ್ಕಳದೇ ಹೊರತು ಕಲಿತ ವಯಸ್ಕರದಲ್ಲವಾದ್ದರಿಂದ, ಅಕ್ಷರಸ್ಥರ ಪ್ರಮಾಣ ಇದಕ್ಕಿಂತ ಹೆಚ್ಚಾಗಿಯೇ ಇದ್ದಿರಬೇಕು. ಹಾಗಿದ್ದರೂ ಅಕ್ಷರವು ಅಲ್ಪಸಂಖ್ಯಾತರ ಸ್ವತ್ತಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಆ ಶಾಲೆಗಳ ಕಲಿಕೆಯ ಕ್ರಮವೂ ವಿಚಾರಾರ್ಹವಾಗಿದೆ. ಮಗುವು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದಿತು. ಅನಂತರ ಕಪ್ಪು ಬಳಿದ ಬಟ್ಟೆಯ ಮಡಿಕೆಗಳಾದ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದಿತು. ಲೆಕ್ಕ, ಪತ್ರವ್ಯವಹಾರ, ಕೆಲವು ಪದ್ಯಗ್ರಂಥಗಳು ಇವೇ ಪಾಠ. ಓದಿಸುತ್ತಿದ್ದ ಪದ್ಯಗಳ ಭಾಷೆ ಆಡುಮಾತಿಗಿಂತ ಭಿನ್ನವಾದುದರಿಂದ ಮಕ್ಕಳು ಅರ್ಥವನ್ನರಿಯದೆ ಕಂಠಪಾಠ ಮಾಡುತ್ತಿದ್ದರೆಂದು ಕ್ಯಾಂಬೆಲನು ಆಕ್ಷೇಪಿಸಿದ್ದಾನೆ. ಬಡತನ ಹೆಚ್ಚಿದುದೂ, ದೇಶೀಯ ಆಸ್ಥಾನಗಳ ಆಶ್ರಯ ತಪ್ಪಿದುದೂ, ನೇಯ್ಗೆ ಮೊದಲಾದ ಕೈಗಾರಿಕೆಗಳು ಕ್ಷೀಣಿಸಿದುದೂ ಶಾಲೆಗಳ ಇಳಿಗತಿಗೆ ಕಾರಣವೆಂದು ತನ್ನ ಸರ್ಕಾರಕ್ಕೇ ಬರೆದು ತಿಳಿಸಿದ ಪ್ರಾಮಾಣಿಕತೆಯೂ ಅವನದೇ.

ಇಷ್ಟರಿಂದ ನಾಡಿನ ಜನ ಅವಿವೇಕಿಗಳಾಗಿದ್ದರೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ಕವಿರಾಜಮಾರ್ಗಕಾರನು ಕನ್ನಡಿಗರು ಕ್ರಮವಾಗಿ ಓದದೆಯೇ ಕಾವ್ಯಪ್ರಯೋಗದಲ್ಲಿ ನುರಿತ ಬುದ್ಧಿಯುಳ್ಳವರೆಂದು ಪ್ರಶಂಸಿಸಿರುವನಷ್ಟೆ. ಗಮಕಿಯ ಬಾಯಿಂದ ಭಾರತವನ್ನು ಕೇಳಿ, ಬಯಲಾಟದಲ್ಲಿ ಅದನ್ನೇ ಕಂಡು, ದಾಸರ ಪದಗಳನ್ನೂ ಶರಣರ ವಚನಗಳನ್ನೂ ನಾಲಗೆಯ ಮೇಲೆ ಇಟ್ಟುಕೊಂಡ ಒಕ್ಕಲಿಗನು ಧರ್ಮಾಧರ್ಮಗಳನ್ನು ಅರಿಯದವನಲ್ಲ. ಆದರೆ ಕಿವಿಯಿಂದ ಬಂದ ಈ ವಿದ್ಯೆಗೆ ಒಂದು ಮೇರೆಯುಂಟು. ದುರ್ಯೋಧನನ ಅನ್ಯಾಯವನ್ನು ತಕ್ಷಣ ಗುರುತಿಸಬಲ್ಲವನಿಗೆ, ತನ್ನ ಹೊಲದ ಖಾತೆಯಲ್ಲಿ ಶಾನುಭೋಗರು ಏನು ಬರೆದರೆಂಬುದು ತಿಳಿಯುತ್ತಿರಲಿಲ್ಲ. ಕಂದಾಯದ ಲೆಕ್ಕ, ಸಾಲದ ಪತ್ರ, ಸರ್ಕಾರದ ಹುಕುಮು ಇವೆಲ್ಲ ಕಾಗದದ ಮೇಲಿನ ಸಂಗತಿಗಳು. ಇವುಗಳ ವಿಷಯದಲ್ಲಿ ಅವನು ಓದಬಲ್ಲ ಇನ್ನೊಬ್ಬನ ಮಾತನ್ನು ನಂಬಲೇಬೇಕು. ಆ ಇನ್ನೊಬ್ಬನು ಸಜ್ಜನನಾಗಿದ್ದರೆ ಅದು ಅವನ ಪುಣ್ಯ; ಅಲ್ಲದಿದ್ದರೆ ಕೇಳುವವರಿಲ್ಲ. ಹಳ್ಳಿಯಲ್ಲಿ ಶಾನುಭೋಗಿಕೆಯು ವಂಶಪಾರಂಪರ್ಯವಾಗಿದ್ದ ಕಾಲದಲ್ಲಿ ಅಕ್ಷರವೂ ಅಧಿಕಾರವೂ ಒಂದೇ ಮನೆಯಲ್ಲಿ ತಲೆಮಾರುಗಳ ವರೆಗೆ ನಿಂತವು. ಈ ಹಕ್ಕನ್ನು ತೆಗೆದುಹಾಕಿದ ಗ್ರಾಮಾಧಿಕಾರ ರದ್ದತಿಯ ಶಾಸನವು ಮೈಸೂರು ರಾಜ್ಯದಲ್ಲಿ ಆದುದು ೧೯೬೧ರಲ್ಲಿ.

೩

ದೇಶೀಯ ಸಂಸ್ಥಾನಗಳಲ್ಲಿ ಪ್ರಾತಿನಿಧ್ಯದ ಬೀಜವನ್ನು ಬಿತ್ತಿದ ಕೀರ್ತಿ ಮೈಸೂರಿನದು. ೧೮೮೧ರಲ್ಲಿ ರಾಜ್ಯವು ಶ್ರೀ ಚಾಮರಾಜೇಂದ್ರ ಒಡೆಯರವರಿಗೆ ಹಿಂದಿರುಗಿದ ಕೆಲವು ತಿಂಗಳಲ್ಲಿಯೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ಅಕ್ಟೋಬರ್ ೭ರಂದು ಮೈಸೂರಿನಲ್ಲಿ ೧೪೪ ಮಂದಿ ಪ್ರತಿನಿಧಿಗಳು ಕೂಡಿದರು. ತಾಲ್ಲೂಕಿಗೆ ಒಬ್ಬಿಬ್ಬರಂತೆ, ಲೋಕಜ್ಞಾನವೂ ಸಾರ್ವಜನಿಕ ಹಿತದಲ್ಲಿ ಆಸಕ್ತಿಯೂ ಉಳ್ಳ ಭೂಹಿಡುವಳಿದಾರರನ್ನು ಕರೆಯಬೇಕೆಂದು ಸರ್ಕಾರದ ಆಜ್ಞೆಯಾಗಿತ್ತು. ಆರಂಭದಲ್ಲಿ ಇವರನ್ನು ಚುನಾಯಿಸುವ ಪದ್ಧತಿಯಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, ೧೮೯೧ರ ಸುಮಾರಿಗೆ, ಚುನಾವಣೆಯ ಹಕ್ಕು ಬಂದಿತು. ನಿರ್ದಿಷ್ಟ ಮೊತ್ತದ ಕಂದಾಯವನ್ನೋ ಮನೆ ಅಂಗಡಿಗಳ ಮೊಹತರ್ಫಾ ತೆರಿಗೆಯನ್ನೋ ಕೊಡುವವರು, ವಿಶ್ವವಿದ್ಯಾನಿಲಯದ ಪದವೀಧರರು, ಇಂಥವರಿಗೆ ಮಾತ್ರ ಆ ಹಕ್ಕು. ೧೯೨೩ರಲ್ಲಿ ಸಭೆಗೆ ಶಾಸನಬದ್ಧವಾದ ಸ್ಥಾನ ದೊರೆತು ಸ್ತ್ರೀಯರಿಗೂ ಮತಾಧಿಕಾರ ಬಂದಿತಾದರೂ, ಆಸ್ತಿಯ ನಿಬಂಧನೆ ಉಳಿದದ್ದರಿಂದ ಅದು ದೊರೆತ ಸ್ತ್ರೀಯರು ಸ್ವಲ್ಪ ಮಂದಿ. ಸಭೆಯು ೧೯೪೯ರಲ್ಲಿ ಕೊನೆಗೊಂಡಿತು.

ಇದೇ ಸರ್ಕಾರವು ವಿದ್ಯೆಯ ವಿಷಯದಲ್ಲಿ ಉದಾಸೀನವಾಗಿತ್ತೆಂದು ಹೇಳಲಾಗದು. ಕಮಿಷನರುಗಳ ಆಳಿಕೆಯ ಕಾಲದಲ್ಲಿಯೇ, ೧೮೬೮ರಲ್ಲಿ, ಶಾಸನಸಂಶೋಧಕರೆಂದು ಕನ್ನಡಿಗರಿಗೆ ಚಿರಪರಿಚಿತರಾದ ಬಿ. ಎಲ್. ರೈಸ್ ಅವರು ಹೋಬಳಿಗೊಂದು ಶಾಲೆಯನ್ನು ತೆರೆಯುವ ಯೋಜನೆಯನ್ನು ಸಿದ್ಧಪಡಿಸಿದ್ದರು. ವಿಶ್ವೇಶ್ವರಯ್ಯನವರು ದಿವಾನರಾದ ಮರುವರ್ಷ, ೧೯೧೩ರಲ್ಲಿ, ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವಾಗಿ ಆಯ್ದ ಕೇಂದ್ರಗಳಲ್ಲಿ ಗಂಡುಮಕ್ಕಳಿಗೆ ಶಾಲೆಯು ಕಡ್ಡಾಯವಾಯಿತು. ಬರೋಡೆಯ ಸಯಾಜಿರಾವ್ ಮಹಾರಾಜರು ಇದಕ್ಕೆ ಮೊದಲೇ, ೧೮೯೩ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿಯೂ ೧೯೦೬ರಲ್ಲಿ ರಾಜ್ಯಾದ್ಯಂತವೂ ಕಡ್ಡಾಯ ಶಿಕ್ಷಣವನ್ನು ಜಾರಿಗೆ ತಂದಿದ್ದರು.

ಬ್ರಿಟಿಷ್ ಇಂಡಿಯದಲ್ಲಿ ನಡೆದುದು ಬೇರೆ. ೧೯೧೧ರ ಖಾನೇಷುಮಾರಿಯಲ್ಲಿ, ಸ್ನೇಹಿತನಿಗೆ ಒಂದು ಕಾಗದ ಬರೆದು ಅದಕ್ಕೆ ಬಂದ ಉತ್ತರವನ್ನು ಓದಿಕೊಳ್ಳಬಲ್ಲವನೇ ಅಕ್ಷರಸ್ಥನೆಂದು ಲಕ್ಷಣ ಹೇಳಲಾಯಿತು. ಈ ಸಾಧಾರಣ ಪರೀಕ್ಷೆಯಲ್ಲಿ ತೇರ್ಗಡೆಯಾದವರು ನೂರಕ್ಕೆ ಆರು ಮಂದಿಯೂ ಇರಲಿಲ್ಲ. ಅದೇ ವರ್ಷದ ಮಾರ್ಚಿಯಲ್ಲಿ ಗೋಪಾಲಕೃಷ್ಣ ಗೋಖಲೆಯವರು ಇಂಪೀರಿಯಲ್ ಶಾಸನಸಭೆಯಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಅದು ದೇಶದಲ್ಲೆಲ್ಲ ಒಮ್ಮೆಗೇ ಕಡ್ಡಾಯವನ್ನು ವಿಧಿಸತಕ್ಕದ್ದಾಗಿರಲಿಲ್ಲ. ಸಿದ್ಧವಾಗಿರುವ ಸ್ಥಳಗಳಲ್ಲಿ ಅಲ್ಲಿನ ಮುನಿಸಿಪಾಲಿಟಿ ಅಥವಾ ಬೋರ್ಡು ಸರ್ಕಾರದ ಒಪ್ಪಿಗೆ ಪಡೆದು ಗಂಡುಮಕ್ಕಳಿಗೆ ಕಡ್ಡಾಯ ಮಾಡಬಹುದೆಂಬಷ್ಟೇ ಅದರ ಸಾರಾಂಶ. ಹೀಗಿದ್ದೂ ೧೯೧೨ರ ಮಾರ್ಚಿಯಲ್ಲಿ ೧೩ಕ್ಕೆ ವಿರುದ್ಧವಾಗಿ ೩೮ ಮತಗಳಿಂದ ಅದು ಬಿದ್ದುಹೋಯಿತು. ಯಾರ ಮಕ್ಕಳಿಗಾಗಿ ಮಸೂದೆ ಹುಟ್ಟಿತೋ ಅವರಲ್ಲಿ ಒಬ್ಬನಿಗೂ ಆ ಸಭೆಯಲ್ಲಿ ಮತವಿರಲಿಲ್ಲ. ಮತವಿದ್ದವರಲ್ಲಿ ಒಬ್ಬನ ಮಗುವೂ ಅದರ ಸೋಲಿನಿಂದ ಶಾಲೆಗೆ ಎರವಾಗುವಂತಿರಲಿಲ್ಲ.

ಇಲ್ಲಿ ಒಂದು ವಿಷಚಕ್ರವು ಗೋಚರವಾಗುತ್ತದೆ. ಅಕ್ಷರವಿಲ್ಲದವರೆಂದು ಮತವಿಲ್ಲ, ಮತವಿಲ್ಲದ್ದರಿಂದ ಸರ್ಕಾರದ ಬೊಕ್ಕಸದಲ್ಲಿ ಅವರ ಶಾಲೆಗೆ ಪಾಲು ಕೇಳುವವರಿಲ್ಲ, ಪಾಲಿಲ್ಲದ್ದರಿಂದ ಅಕ್ಷರವಿಲ್ಲ. ಇಂಗ್ಲೆಂಡಿನಲ್ಲಿ ೧೮೬೭ರ ಮತವು ೧೮೭೦ರ ಶಾಲೆಯನ್ನು ಎಳೆದುತಂದ ಹಾಗೆ ಇಲ್ಲಿ ಎಳೆಯುವ ಹಗ್ಗವೇ ಇರಲಿಲ್ಲ. ಮೈಸೂರು, ಬರೋಡೆಗಳಲ್ಲಿ ಚಕ್ರವು ಸ್ವಲ್ಪ ಸಡಿಲವಾದುದು ಪ್ರಜೆಗಳ ಒತ್ತಾಯಕ್ಕಿಂತ ಹೆಚ್ಚಾಗಿ ಪ್ರಭುಗಳ ಮತ್ತು ದಿವಾನರ ದೂರದೃಷ್ಟಿಯಿಂದ.

೪

ಸೈಮನ್ ಕಮಿಷನ್ನಿನ ಅಂಗವಾಗಿ ಶಿಕ್ಷಣವನ್ನು ಪರಿಶೀಲಿಸಿದ ಹಾರ್ಟಾಗ್ ಕಮಿಟಿಯ ವರದಿಯು ೧೯೨೯ರಲ್ಲಿ ಹೊರಬಂದಿತು. ಪ್ರಜೆಗಳಿಗೆ ರಾಜ್ಯಾಧಿಕಾರವನ್ನು ಹಂಚುವುದಕ್ಕೂ ಅವರ ಅಕ್ಷರಜ್ಞಾನಕ್ಕೂ ಸಂಬಂಧವುಂಟೆಂಬ ದೃಷ್ಟಿಯೇ ಆ ಕಮಿಟಿಯ ನೇಮಕಕ್ಕೆ ಮೂಲ. ಅದು ಬಯಲಿಗೆ ತಂದ ಒಂದು ಸಂಗತಿ ಉಪಾಧ್ಯಾಯರೆಲ್ಲರೂ ನೆನಪಿಡತಕ್ಕದ್ದು. ೧೯೨೨-೨೩ರಲ್ಲಿ ಒಂದನೆಯ ತರಗತಿಯಲ್ಲಿದ್ದ ನೂರು ಮಕ್ಕಳಲ್ಲಿ ೧೯೨೫-೨೬ರಲ್ಲಿ ನಾಲ್ಕನೆಯ ತರಗತಿಗೆ ಬಂದವರು ೧೮ ಮಂದಿ ಮಾತ್ರ. ಮಿಕ್ಕವರು ನಡುವೆಯೇ ಶಾಲೆ ಬಿಟ್ಟರು, ಇಲ್ಲವೆ ಅದೇ ತರಗತಿಯಲ್ಲಿ ಉಳಿದರು. ಶಾಲೆ ಬಿಟ್ಟ ಮಗು ಕಲಿತ ನಾಲ್ಕಕ್ಷರವನ್ನೂ ಬೇಗನೆ ಮರೆತುಬಿಡುತ್ತದೆ. ಆದುದರಿಂದ ಶಾಲೆಗಳ ಸಂಖ್ಯೆಯೇ ಅಕ್ಷರದ ಅಳತೆಗೋಲಾಗಲಾರದು.

ಅದೇ ೧೯೨೯ರಲ್ಲಿ, ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಸೀಮೆಗಳನ್ನೂ ಒಳಗೊಂಡಿದ್ದ ಮುಂಬಯಿ ಆಧಿಪತ್ಯದ ರಾಜ್ಯಾಂಗವನ್ನು ಕುರಿತು ಡಾ|| ಅಂಬೇಡ್ಕರ್ ಅವರು ಒಂದು ಪ್ರತ್ಯೇಕ ವರದಿಯನ್ನು ಬರೆದರು. ಅಕ್ಷರವನ್ನು ಮತಕ್ಕೆ ನಿಬಂಧನೆಯಾಗಿ ಮಾಡಬೇಕೆನ್ನುವವರಿಗೆ ಅದರಲ್ಲಿ ಎರಡು ಉತ್ತರಗಳಿವೆ. ಜನರಿಗೆ ಪ್ರಾಥಮಿಕ ವಿದ್ಯೆಯನ್ನು ಒದಗಿಸದೆ ನಿರಕ್ಷರರನ್ನಾಗಿ ಉಳಿಸಿ, ಆಮೇಲೆ ನಿರಕ್ಷರರೆಂಬ ಕಾರಣದಿಂದಲೇ ಮತವನ್ನು ತಪ್ಪಿಸುವುದು ಅನ್ಯಾಯದ ಮೇಲೆ ಅವಮಾನವನ್ನು ಹೇರಿದಂತೆ ಎಂಬುದು ಮೊದಲನೆಯದು. ನಿರಕ್ಷರಿಯಾದವನು ಬುದ್ಧಿಹೀನನೆಂದು ಎಣಿಸಲು ಆಧಾರವಿಲ್ಲವೆಂಬುದು ಎರಡನೆಯದು. ಎರಡು ವರ್ಷಗಳ ಅನಂತರ ದುಂಡುಮೇಜಿನ ಪರಿಷತ್ತಿನಲ್ಲಿ ಗಾಂಧೀಜಿಯವರೂ ಆಸ್ತಿ ಅಥವಾ ಅಕ್ಷರದ ಮೇಲೆ ನಿಂತ ಮತಾಧಿಕಾರವನ್ನು ನಿರಾಕರಿಸಿ, ಶೀಲವಂತನಾದ ಬಡ ನಿರಕ್ಷರಿಗೆ ಮತವಿಲ್ಲವೆಂಬ ಮಾತನ್ನು ತಾವು ಸಹಿಸಲಾರೆವೆಂದರು. ಬೇರೆ ಎಷ್ಟೋ ವಿಷಯಗಳಲ್ಲಿ ಭಿನ್ನಮತದವರಾಗಿದ್ದ ಈ ಇಬ್ಬರೂ ಇದೊಂದರಲ್ಲಿ ಏಕಾಭಿಪ್ರಾಯ ಹೊಂದಿದ್ದುದು ಗಮನಾರ್ಹ.

ಅಮೆರಿಕದ ದಕ್ಷಿಣ ಸಂಸ್ಥಾನಗಳ ಚರಿತ್ರೆಯು ಅಂಬೇಡ್ಕರರ ಮೊದಲನೆಯ ಉತ್ತರಕ್ಕೆ ಸಾಕ್ಷಿ ನುಡಿಯುತ್ತದೆ. ೧೮೯೦ರಲ್ಲಿ ಮಿಸಿಸಿಪ್ಪಿ ಸಂಸ್ಥಾನವು ಮತದಾರನು ರಾಜ್ಯಾಂಗದ ಒಂದು ವಿಧಿಯನ್ನು ಓದಬೇಕು, ಅಥವಾ ಕೇಳಿ ಅರ್ಥ ಹೇಳಬೇಕು ಎಂದು ಗೊತ್ತುಮಾಡಿತು. ಅರ್ಥವು ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಅಧಿಕಾರಿ ಬಿಳಿಯ. ಪರೀಕ್ಷೆಗೆ ನಿಂತವನು ನೀಗ್ರೋ. ಪಕ್ಕದ ಸಂಸ್ಥಾನಗಳೂ ಇದೇ ಮಾರ್ಗವನ್ನು ಹಿಡಿದವು. ಇಂಥ ಪರೀಕ್ಷೆಗಳಿಗೆ ೧೯೬೫ರ ಮತಾಧಿಕಾರ ಶಾಸನದಿಂದ ತಡೆಯುಂಟಾಗುವ ವರೆಗೆ ಅಕ್ಷರವೆಂಬುದು ಅಲ್ಲಿ ದೀಪವಾಗಿರದೆ ಬೀಗವಾಗಿತ್ತು.

ಭಾರತದಲ್ಲಿ ಮತಾಧಿಕಾರವನ್ನು ವಿಚಾರಿಸಿದ ಲೋಥಿಯನ್ ಕಮಿಟಿಯು ೧೯೩೨ರಲ್ಲಿ ವಯಸ್ಕ ಮತದಾನವು ಸದ್ಯಕ್ಕೆ ಆಗತಕ್ಕದ್ದಲ್ಲವೆಂದಿತು. ೧೯೩೫ರ ಶಾಸನದಲ್ಲಿ ಮತವು ಮುಖ್ಯವಾಗಿ ಆಸ್ತಿ, ತೆರಿಗೆ, ವಿದ್ಯೆಗಳನ್ನೇ ಅವಲಂಬಿಸಿ ಉಳಿಯಿತು. ಆದರೆ ಆಸ್ತಿಯ ಬಲದಿಂದ ಮತ ಪಡೆದವರಲ್ಲಿಯೂ ನಿರಕ್ಷರರು ಹೇರಳವಾಗಿದ್ದರಷ್ಟೆ. ೧೯೩೭ರ ಚುನಾವಣೆಯಲ್ಲಿ, ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಸೇರಿದ್ದ ಮದರಾಸು ಆಧಿಪತ್ಯದಲ್ಲಿ ಬಣ್ಣಬಣ್ಣದ ಮತಪೆಟ್ಟಿಗೆಗಳನ್ನು ಇಡಲಾಯಿತು. ಕಾಂಗ್ರೆಸ್ಸಿನದು ಹಳದಿ ಪೆಟ್ಟಿಗೆ. ಓದಲಾರದವನು ಬಣ್ಣವನ್ನು ಗುರುತಿಸಬಲ್ಲನೆಂಬ ಈ ಸರಳವಾದ ಅನುಭವವು ಮುಂದಿನ ಮಹಾಪ್ರಯೋಗಕ್ಕೆ ದಾರಿ ತೋರಿತು.

೫

ಸಂವಿಧಾನ ಸಭೆಯು ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮತವನ್ನು ಕೊಟ್ಟಿತು. ಬಹುಜನರ ಅಜ್ಞಾನ ನಿರಕ್ಷರತೆಗಳನ್ನು ಬಲ್ಲೆವಾದರೂ ಸಾಮಾನ್ಯ ಮನುಷ್ಯನಲ್ಲಿ ನಂಬಿಕೆಯಿಟ್ಟು ಹೀಗೆ ಮಾಡಿದೆವೆಂದು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರವರು ೧೯೪೯ರ ನವೆಂಬರಿನಲ್ಲಿ ಹೇಳಿದರು. ಅದೇ ತಿಂಗಳ ೨೬ರಂದು ಅಧ್ಯಕ್ಷರಾದ ರಾಜೇಂದ್ರಪ್ರಸಾದರು, ಹಳ್ಳಿಯ ಜನ ಅಕ್ಷರಸ್ಥರಲ್ಲದಿದ್ದರೂ ವಿವೇಕಶಾಲಿಗಳೆಂದೂ, ವಿಷಯವನ್ನು ತಿಳಿಸಿದರೆ ತಮ್ಮ ಮತ್ತು ದೇಶದ ಹಿತವನ್ನು ಅರಿಯಬಲ್ಲರೆಂದೂ ನುಡಿದರು. ಶಾಸನ ಮಾಡುವವರಿಗೆ ಒಂದು ಯೋಗ್ಯತೆಯನ್ನು ಗೊತ್ತುಮಾಡಲಾಗದೆ ಹೋದುದಕ್ಕೂ, ಪ್ರಥಮ ಸಂವಿಧಾನವು ಭಾರತೀಯ ಭಾಷೆಯೊಂದರಲ್ಲಿ ಆಗದೆ ಹೋದುದಕ್ಕೂ ಅದೇ ಭಾಷಣದಲ್ಲಿ ಅವರು ವಿಷಾದಪಟ್ಟರು. ಮತವನ್ನು ಕೊಟ್ಟ ಸಂವಿಧಾನವು ಶಾಲೆಯನ್ನು ಮರೆಯಲಿಲ್ಲ: ಹತ್ತು ವರ್ಷಗಳೊಳಗಾಗಿ ಹದಿನಾಲ್ಕು ವಯಸ್ಸಿನ ವರೆಗಿನ ಮಕ್ಕಳೆಲ್ಲರಿಗೂ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ಒದಗಿಸಲು ರಾಜ್ಯವು ಯತ್ನಿಸತಕ್ಕದ್ದೆಂದು ೪೫ನೆಯ ಅನುಚ್ಛೇದವು ವಿಧಿಸಿತು.

ಪ್ರಥಮ ಮಹಾಚುನಾವಣೆ ೧೯೫೧ರ ಅಕ್ಟೋಬರಿನಿಂದ ೧೯೫೨ರ ಫೆಬ್ರವರಿಯ ವರೆಗೆ ನಡೆಯಿತು. ಮತದಾರರು ೧೭ ಕೋಟಿ ೩೨ ಲಕ್ಷ. ೧೯೫೧ರ ಜನಗಣತಿಯಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು ೧೮. ಹೆಂಗಸರಲ್ಲಿ ಸುಮಾರು ೯. ಮುಖ್ಯ ಚುನಾವಣಾಧಿಕಾರಿಗಳಾದ ಸುಕುಮಾರ್ ಸೇನ್ ಅವರು ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆಯನ್ನು ಇರಿಸಿ, ಅದರ ಮೇಲೆ ಜೋಡೆತ್ತು, ಗುಡಿಸಲು ಮೊದಲಾದ ಚಿಹ್ನೆಗಳನ್ನು ಅಂಟಿಸುವ ಏರ್ಪಾಟು ಮಾಡಿದರು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉಕ್ಕಿನ ಪೆಟ್ಟಿಗೆಗಳು ಬೇಕಾದವು. ಮತದಾರನು ಏನನ್ನೂ ಬರೆಯಬೇಕಾಗಿರಲಿಲ್ಲ. ಚೀಟಿಯನ್ನು ಒಪ್ಪಿದ ಚಿಹ್ನೆಯ ಪೆಟ್ಟಿಗೆಯಲ್ಲಿ ಹಾಕಿದರೆ ಸಾಕು. ಗುರುತು ಮಾಡದ ಚೀಟಿಯನ್ನು ಪೆಟ್ಟಿಗೆಗೆ ಹಾಕದೆ ಹೊರಕ್ಕೆ ಒಯ್ದು ಮಾರಲು ಈ ಪದ್ಧತಿಯಲ್ಲಿ ಅವಕಾಶವಿದ್ದುದು ದೋಷವೇ ಸರಿ. ೧೯೬೨ರ ಹೊತ್ತಿಗೆ ಚೀಟಿಯ ಮೇಲೆ ಮುದ್ರೆಯೊತ್ತುವ ಕ್ರಮ ಬಂದಿತು. ಆ ಚುನಾವಣೆಯಿಂದ ಬೆರಳಿಗೆ ಹಚ್ಚುವ ಅಳಿಸದ ಶಾಯಿಯು ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯಿಂದ ಸರಬರಾಜಾಗತೊಡಗಿತು.

ಈ ವ್ಯವಸ್ಥೆಯಿಂದ ನಿರಕ್ಷರಿಯು ಮತಗಟ್ಟೆಯನ್ನು ನಿರ್ವಿಘ್ನವಾಗಿ ದಾಟಿದನು. ಆದರೆ ಮತಗಟ್ಟೆಯ ವರೆಗೆ ಬರಲಾಗದೆಯೇ ಹೋದವರ ಕಥೆ ಬೇರೆ. ಪಟ್ಟಿಯನ್ನು ಸಿದ್ಧಪಡಿಸುವಾಗ ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಹೇಳಲೊಪ್ಪದೆ, ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಮಾತ್ರ ಬರೆಯಿಸಿದರು. ಹೆಸರಿಲ್ಲದೆ ಮತದಾರರಾಗಲಾರರೆಂದು ಸೇನರು ನಿಶ್ಚಯಿಸಿ, ತಿದ್ದಿಕೊಳ್ಳಲು ಕಾಲಾವಕಾಶ ಕೊಟ್ಟ ಮೇಲೂ ಸುಮಾರು ೨೮ ಲಕ್ಷ ಸ್ತ್ರೀಯರನ್ನು ಪಟ್ಟಿಯಿಂದ ಬಿಡಬೇಕಾಯಿತು. ಇವರಲ್ಲಿ ಬಹುತೇಕ ಎಲ್ಲರೂ ಬಿಹಾರ, ಉತ್ತರ ಪ್ರದೇಶ, ಮಧ್ಯಭಾರತ, ರಾಜಸ್ಥಾನ, ವಿಂಧ್ಯಪ್ರದೇಶಗಳವರು. ಪರರೆದುರಿಗೆ ಹೆಸರು ಹೇಳಬಾರದೆಂಬ ಆಚಾರ ಇದಕ್ಕೆ ಕಾರಣವೆಂಬುದು ನಿಜ. ಆದರೂ ತನ್ನ ಹೆಸರನ್ನು ಒಮ್ಮೆಯಾದರೂ ಕಾಗದದ ಮೇಲೆ ಬರೆದು ಕಂಡವಳಿಗೆ ಅದು ಗಂಡನ ಅಥವಾ ಮಗನ ಹೆಸರಿನಷ್ಟೇ ಸ್ವತಂತ್ರವಾದ ವಸ್ತುವೆಂಬ ಅರಿವು ಬರುತ್ತದೆ. ಆ ಅರಿವಿಲ್ಲದ ಕಡೆ ಆಚಾರವು ಶಾಸನಕ್ಕಿಂತ ಬಲವತ್ತರವಾಯಿತು.

೬

ಇನ್ನು ಹಾನಿಯ ಸ್ಥಳವನ್ನು ನಿರ್ಣಯಿಸಬಹುದು. ಅದು ಮತದಾರನ ತೀರ್ಪಿನಲ್ಲಿದೆಯೆಂಬುದು ಸಾಮಾನ್ಯವಾದ ನಂಬಿಕೆ. ಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ. ತುರ್ತುಪರಿಸ್ಥಿತಿಯ ತರುವಾಯ ೧೯೭೭ರಲ್ಲಿ ನಡೆದ ಲೋಕಸಭೆಯ ಚುನಾವಣೆಯಲ್ಲಿ, ಅಕ್ಷರಸ್ಥರ ಪ್ರಮಾಣ ತೀರ ಕಡಮೆಯಾಗಿದ್ದ ಉತ್ತರ ಪ್ರದೇಶದ ೮೫ ಸ್ಥಾನಗಳಲ್ಲಿಯೂ ಬಿಹಾರದ ೫೪ ಸ್ಥಾನಗಳಲ್ಲಿಯೂ ಆಳುವ ಪಕ್ಷಕ್ಕೆ ಒಂದೂ ದೊರೆಯಲಿಲ್ಲ. ಅವೆರಡಕ್ಕಿಂತ ಹೆಚ್ಚು ಅಕ್ಷರಸ್ಥರಿದ್ದ ಕರ್ನಾಟಕವು ಅದೇ ಪಕ್ಷಕ್ಕೆ ೨೮ರಲ್ಲಿ ೨೬ ಸ್ಥಾನಗಳನ್ನು ಕೊಟ್ಟಿತು. ಎರಡರಲ್ಲಿ ಯಾವುದು ಸರಿಯೆಂಬ ವಿಚಾರ ಹಾಗಿರಲಿ; ಸರ್ಕಾರವನ್ನು ಇಳಿಸುವ ಧೈರ್ಯಕ್ಕೆ ಅಕ್ಷರವು ಅಗತ್ಯವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇದಕ್ಕೆ ಪ್ರತಿಯಾಗಿ, ಜರ್ಮನಿಯಂಥ ಬಹುಮಟ್ಟಿಗೆ ಪೂರ್ಣ ಅಕ್ಷರಸ್ಥವಾದ ದೇಶದಲ್ಲಿಯೇ ೧೯೩೩ರಲ್ಲಿ ಪ್ರಜಾಪ್ರಭುತ್ವವು ನಾಶವಾಯಿತು. ಅಕ್ಷರವೊಂದೇ ಸ್ವಾತಂತ್ರ್ಯವನ್ನು ಕಾಯಲಾರದು.

ಹಾನಿಯು ತಟ್ಟುವುದು ಒಂದು ಚುನಾವಣೆಗೂ ಇನ್ನೊಂದಕ್ಕೂ ನಡುವಿನ ಐದು ವರ್ಷಗಳಲ್ಲಿ. ಐದು ವರ್ಷಕ್ಕೊಮ್ಮೆ ಒಡೆಯನಾದವನು ಮಿಕ್ಕ ಕಾಲದಲ್ಲಿ ತಾಲ್ಲೂಕು ಕಚೇರಿಯ ಮುಂದೆ ನಿಂತಾಗ ಅರ್ಜಿ ಬರೆಯುವವನಿಗೆ ಕೈ ಮುಗಿಯಬೇಕು. ಪಹಣಿಯಲ್ಲಿ ಯಾರ ಹೆಸರಿದೆ, ಸಾಲದ ಪತ್ರದಲ್ಲಿ ಎಷ್ಟು ಬಡ್ಡಿಯಿದೆ, ಗ್ರಾಮಸಭೆಯ ನಡಾವಳಿಯಲ್ಲಿ ಯಾವ ನಿರ್ಣಯ ದಾಖಲಾಗಿದೆ, ಕೂಲಿಯ ಪಟ್ಟಿಯಲ್ಲಿ ಎಷ್ಟು ದಿನ ಬರೆದಿದೆ ಎಂಬಿವನ್ನೆಲ್ಲ ಇನ್ನೊಬ್ಬನಿಂದ ಓದಿಸಿ, ಅವನು ಹೇಳಿದಲ್ಲಿ ಹೆಬ್ಬೆಟ್ಟೊತ್ತಬೇಕು. ಹೀಗೆ ಶಾಸನವು ಹಕ್ಕೆಂದು ಕೊಟ್ಟದ್ದು ಮಧ್ಯವರ್ತಿಯ ಕೈದಾಟಿ ಬರುವಾಗ ಉಪಕಾರವಾಗಿ ಮಾರ್ಪಡುತ್ತದೆ. ಉಪಕಾರಕ್ಕೆ ಋಣವುಂಟು, ಆ ಋಣವನ್ನು ಚುನಾವಣೆಯ ದಿನ ತೀರಿಸಬೇಕಾಗುತ್ತದೆ. ಗುಪ್ತ ಮತದಾನವು ಮತಗಟ್ಟೆಯೊಳಗೆ ಕೊಟ್ಟ ಸ್ವಾತಂತ್ರ್ಯವನ್ನು ಈ ಋಣವು ಹೊರಗಿನಿಂದಲೇ ಕಸಿದುಕೊಳ್ಳುತ್ತದೆ.

ಎರಡನೆಯದಾಗಿ, ಪ್ರತಿನಿಧಿಯ ಮೇಲಣ ಮೇಲ್ವಿಚಾರಣೆ. ಆಯವ್ಯಯದ ಪಟ್ಟಿ, ಲೆಕ್ಕಪರಿಶೋಧಕರ ವರದಿ, ಶಾಸನಸಭೆಯ ಚರ್ಚೆ ಇವೆಲ್ಲ ಬರವಣಿಗೆಯ ರೂಪದಲ್ಲಿರತಕ್ಕವು. ೨೦೦೦ದಲ್ಲಿ ಕರ್ನಾಟಕವೂ ೨೦೦೫ರಲ್ಲಿ ಭಾರತವೂ ಮಾಹಿತಿಯ ಹಕ್ಕನ್ನು ಶಾಸನಬದ್ಧಗೊಳಿಸಿದವು. ಕೇಳಿದವನಿಗೆ ಕಾಗದ ಬರುತ್ತದೆ. ಓ��ಲಾರದವನಿಗೆ ಬಂದ ಕಾಗದವು ಬಾರದ ಕಾಗದಕ್ಕೆ ಸಮಾನ. ೨೦೧೧ರ ವರೆಗಿನ ಗಣತಿಗಳಲ್ಲಿ ಅಕ್ಷರದ ಕೊರತೆ ಸ್ತ್ರೀಯರಲ್ಲಿ ಹೆಚ್ಚಾಗಿ ಕಂಡಿರುವುದರಿಂದ, ಈ ನಷ್ಟದ ಹೆಚ್ಚಿನ ಭಾಗವೂ ಅವರದೇ ಆಗಿದೆ.

ಮೂರನೆಯದು ಭಾಷೆಯ ಪ್ರಶ್ನೆ. ಸಾಹಿತ್ಯೋಪಾಧ್ಯಾಯರು ಇದನ್ನು ವಿಶೇಷವಾಗಿ ವಿವೇಚಿಸಬೇಕು. ಆಡಳಿತವು ಪ್ರಜೆಗೆ ತಿಳಿಯದ ಭಾಷೆಯಲ್ಲಿ ನಡೆದರೆ ಅಕ್ಷರಸ್ಥನೂ ಕಚೇರಿಯ ಬಾಗಿಲಲ್ಲಿ ನಿರಕ್ಷರಿಯಾಗುತ್ತಾನೆ. ಕನ್ನಡವನ್ನು ರಾಜ್ಯದ ಅಧಿಕೃತ ಭಾಷೆಯನ್ನಾಗಿ ಮಾಡಿದ ಶಾಸನವು ೧೯೬೩ರದು. ಆದರೆ ಉಚ್ಚ ನ್ಯಾಯಾಲಯದ ತೀರ್ಪು ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ಹೊರಡುವ ಆಜ್ಞೆಗಳಲ್ಲಿಯೂ ಎಷ್ಟೋ ಭಾಷಾಂತರದ ಕ್ಲಿಷ್ಟತೆಯಿಂದ ದುರ್ಬೋಧವಾಗಿರುತ್ತವೆ. ೧೮೨೩ರಲ್ಲಿ ಕ್ಯಾಂಬೆಲನು ಬಳ್ಳಾರಿಯ ಮಕ್ಕಳ ಕಂಠಪಾಠದಲ್ಲಿ ಕಂಡ ದೋಷವು, ಅಂದರೆ ಓದುವ ಭಾಷೆಗೂ ತಿಳಿಯುವ ಭಾಷೆಗೂ ಇರುವ ಅಂತರವು, ರೂಪಾಂತರದಿಂದ ಇಲ್ಲಿಯೂ ಉಳಿದುಕೊಂಡಿದೆ. ಆದುದರಿಂದ ಪ್ರಜೆಗೆ ಅಕ್ಷರ ಕಲಿಸುವುದು ಎಷ್ಟು ಮುಖ್ಯವೋ ಸರ್ಕಾರಕ್ಕೆ ತಿಳಿಗನ್ನಡವನ್ನು ಕಲಿಸುವುದೂ ಅಷ್ಟೇ ಮುಖ್ಯ.

ವಯಸ್ಕರಿಗೆ ಬರಿಯ ಕಾಗುಣಿತವನ್ನು ಕಲಿಸಿ ಬಿಡುವುದರಿಂದ ಪ್ರಯೋಜನವಿಲ್ಲವೆಂಬುದನ್ನು ಮೈಸೂರು ಮೊದಲೇ ಅರಿತಿದ್ದಿತು. ೧೯೪೦ರ ಸುಮಾರಿನಲ್ಲಿ ವಿದ್ಯಾರ್ಥಿಗಳ ಉತ್ಸಾಹದಿಂದ ಮೊದಲಾದ ಸಾಕ್ಷರತೆಯ ಚಳವಳಿಯು ವಯಸ್ಕರ ಶಿಕ್ಷಣ ಸಮಿತಿಯಾಗಿ ಬೆಳೆದು, ಹೊಸದಾಗಿ ಓದಕಲಿತವರಿಗಾಗಿ ‘ಬೆಳಕು’ ಎಂಬ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಎಂಬ ಮಾಸಪತ್ರಿಕೆಯನ್ನೂ ನಡೆಸಿತು. ಕಲಿತ ಅಕ್ಷರಕ್ಕೆ ನಿತ್ಯವೂ ಕೆಲಸ ಕೊಡದಿದ್ದರೆ ಅದು ಅಳಿಸಿಹೋಗುತ್ತದೆಂಬ ಹಾರ್ಟಾಗ್ ವರದಿಯ ಪಾಠಕ್ಕೆ ಇದು ಸರಿಯಾದ ಉತ್ತರವಾಗಿತ್ತು.

೭

ಮುಗಿದಂತೆ ಕಂಡ ಹಳೆಯ ವಾದವು ೨೦೧೫ರಲ್ಲಿ ಮತ್ತೆ ತಲೆಯೆತ್ತಿತು. ಹರಿಯಾಣಾ ರಾಜ್ಯವು ಪಂಚಾಯತಿಗೆ ಸ್ಪರ್ಧಿಸುವವರು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕೆಂದು ಶಾಸನ ಮಾಡಿತು. ಸ್ತ್ರೀಯರಿಗೂ ಪರಿಶಿಷ್ಟ ಜಾತಿಯವರಿಗೂ ಎಂಟನೆಯ ತರಗತಿ, ಪಂಚ ಸ್ಥಾನಕ್ಕೆ ನಿಲ್ಲುವ ಪರಿಶಿಷ್ಟ ಜಾತಿಯ ಸ್ತ್ರೀಯರಿಗೆ ಐದನೆಯ ತರಗತಿ ಎಂದು ರಿಯಾಯಿತಿಯಿತ್ತು. ರಾಜಸ್ಥಾನವು ೨೦೧೪ರ ಡಿಸೆಂಬರಿನಲ್ಲಿಯೇ ಇಂಥದೊಂದು ಆಜ್ಞೆಯನ್ನು ಹೊರಡಿಸಿದ್ದಿತು. ವಿದ್ಯೆಯೇ ಮನುಷ್ಯನಿಗೆ ಒಳಿತು ಕೆಡಕುಗಳ ವಿವೇಚನೆಯನ್ನು ಕೊಡುವುದೆಂದು ಹೇಳಿ ಸರ್ವೋಚ್ಚ ನ್ಯಾಯಾಲಯವು ೨೦೧೫ರ ಡಿಸೆಂಬರ್ ೧೦ರಂದು ಹರಿಯಾಣಾ ಶಾಸನವನ್ನು ಎತ್ತಿಹಿಡಿಯಿತು. ರಾಜಸ್ಥಾನವಾದರೋ ೨೦೧೯ರಲ್ಲಿ ತನ್ನ ನಿಬಂಧನೆಯನ್ನು ರದ್ದುಪಡಿಸಿತು.

ಪಂಚಾಯತಿಯ ಅಧ್ಯಕ್ಷರಿಗೆ ಲೆಕ್ಕಪತ್ರ ಓದಲು ಬರಬೇಕೆಂಬ ಅಪೇಕ್ಷೆಯು ತಪ್ಪಲ್ಲ. ಓದಲಾರದ ಅಧ್ಯಕ್ಷರು ಕಾರ್ಯದರ್ಶಿಯ ಕೈಗೊಂಬೆಯಾಗುವ ಭಯವೂ ಕಲ್ಪಿತವಾದುದಲ್ಲ. ಆದರೆ ಪಂಚಾಯತಿಗೆ ನಿಲ್ಲತಕ್ಕ ನಡುವಯಸ್ಸಿನ ಸ್ತ್ರೀಯು ಮಗುವಾಗಿದ್ದಾಗ ಅವಳ ಊರಿನಲ್ಲಿ ಶಾಲೆಯಿತ್ತೆ, ಇದ್ದರೆ ಅವಳನ್ನು ಅಲ್ಲಿಗೆ ಕಳುಹಿಸುವ ಸ್ಥಿತಿಯಿತ್ತೆ ಎಂಬುದನ್ನು ವಿಚಾರಿಸದೆ ವಿಧಿಸಿದ ನಿಬಂಧನೆಯು ತಪ್ಪು ಮಾಡಿದವರನ್ನು ಬಿಟ್ಟು ನಷ್ಟಪಟ್ಟವರನ್ನು ದಂಡಿಸುತ್ತದೆ. ೪೫ನೆಯ ಅನುಚ್ಛೇದದ ಹತ್ತು ವರ್ಷಗಳ ಗಡುವು ೧೯೬೦ಕ್ಕೆ ತೀರಿತ್ತು. ಶಿಕ್ಷಣವು ಮಕ್ಕಳ ಮೂಲಭೂತ ಹಕ್ಕೆಂಬ ತಿದ್ದುಪಡಿಯಾದುದು ೨೦೦೨ರಲ್ಲಿ. ಅದನ್ನು ಕಾರ್ಯಗತಗೊಳಿಸುವ ಶಾಸನ ಜಾರಿಗೆ ಬಂದುದು ೨೦೧೦ರ ಏಪ್ರಿಲ್ ೧ರಂದು. ಅರ್ಧ ಶತಮಾನದ ಈ ವಿಳಂಬಕ್ಕೆ ಹೊಣೆಗಾರ ರಾಜ್ಯವೇ ಹೊರತು ಆ ಸ್ತ್ರೀಯಲ್ಲ. ಅಂಬೇಡ್ಕರರು ೧೯೨೯ರಲ್ಲಿ ಮತದಾರನ ಪರವಾಗಿ ಹೇಳಿದ ಮಾತು ಅಭ್ಯರ್ಥಿಗೂ ಅನ್ವಯಿಸುತ್ತದೆ.

೨೦೧೧ರ ಜನಗಣತಿಯ ಪ್ರಕಾರ ಏಳು ವರ್ಷಕ್ಕೆ ಮೇಲ್ಪಟ್ಟ ಭಾರತೀಯರಲ್ಲಿ ನೂರಕ್ಕೆ ಸುಮಾರು ೭೩ ಮಂದಿ ಅಕ್ಷರಸ್ಥರು. ಕರ್ನಾಟಕದಲ್ಲಿ ಈ ಪ್ರಮಾಣ ೭೫ಕ್ಕೆ ಸ್ವಲ್ಪ ಮೇಲೆ. ಪುರುಷರಲ್ಲಿ ೮೨, ಸ್ತ್ರೀಯರಲ್ಲಿ ೬೮. ನೂರು ವರ್ಷಗಳ ಹಿಂದಣ ಆರಕ್ಕಿಂತ ಕಡಮೆಯ ಸಂಖ್ಯೆಯೊಡನೆ ಹೋಲಿಸಿದರೆ ಇದು ಅಲ್ಪ ಸಾಧನೆಯಲ್ಲ. ಈ ಏರಿಕೆಯ ಬಹುಭಾಗವು ವಯಸ್ಕ ಮತದಾನವು ಬಂದ ಮೇಲೆ ಆದುದೆಂಬುದನ್ನು, ಶಾಲೆ ಮುಗಿಯುವ ವರೆಗೆ ಮತ ಬೇಡವೆಂದವರು ಗಮನಿಸಬೇಕು. ಕಾದಿದ್ದರೆ ಯಾವಾಗ ಮುಗಿಯುತ್ತಿತ್ತೆಂಬುದಕ್ಕೆ ೧೯೧೨ರ ಮೂವತ್ತೆಂಟು ಮತಗಳೇ ಸೂಚನೆ.

ಈ ಪರ್ಯಾಲೋಚನೆಯಿಂದ ಮೂರು ವಿಷಯಗಳು ಸಿದ್ಧಪಡುತ್ತವೆ. ನಿರಕ್ಷರತೆಯು ಪ್ರಜಾಪ್ರಭುತ್ವವನ್ನು ದುರ್ಬಲಗೊಳಿಸುತ್ತದೆ. ಆದರೆ ಮತದಾರನ ವಿವೇಕವನ್ನು ಕೆಡಿಸುವುದರಿಂದಲ್ಲ, ಅವನನ್ನು ಓದಬಲ್ಲವರ ಅಧೀನದಲ್ಲಿ ಇರಿಸುವುದರಿಂದ. ಎರಡನೆಯದಾಗಿ, ಅಕ್ಷರವನ್ನು ಹಕ್ಕಿಗೆ ಪೂರ್ವಭಾವಿಯಾದ ನಿಬಂಧನೆಯನ್ನಾಗಿ ಮಾಡಿದೆಡೆಗಳಲ್ಲಿ ಆ ಅಧೀನತೆ ಕಡಮೆಯಾಗದೆ ಇನ್ನೂ ಬಲವಾಯಿತು. ಮೂರನೆಯದಾಗಿ, ಚಿಹ್ನೆ, ಬಣ್ಣ, ಶಾಯಿಗಳಿಂದ ಚುನಾವಣೆಯ ದಿನದ ತೊಡಕನ್ನು ನಿವಾರಿಸಬಹುದಾದರೂ ಉಳಿದ ದಿನಗಳ ತೊಡಕಿಗೆ ಶಾಲೆ, ಗ್ರಂಥಾಲಯ, ಸುಬೋಧವಾದ ಸರ್ಕಾರಿ ಕನ್ನಡ ಇವುಗಳ ಹೊರತು ಬೇರೆ ಪರಿಹಾರವಿಲ್ಲ. ಮಿಲ್ಲನ ಗ್ರಂಥದ ಉತ್ತರಾರ್ಧದಲ್ಲಿ ಹೇಳಿದ ಹೊಣೆಯೂ ಇದೇ ಆಗಿತ್ತು. ಅದನ್ನು ಹೊರತಕ್ಕದ್ದು ರಾಜ್ಯ.